ಮೀಸಲು ಕುಂಬಳ

ಕುಂಬಳಕಾಯಿ ಮೇಜಿನ ಕೆಳಗಿತ್ತು. ಸಮಾಧಾನಪ್ಪ ಅದರ ಕಡೆ ನೋಡಲಿಲ್ಲ. ತೆಂಗಿನಕಾಯಿ ಒಂದು ಕಡೆ, ಬಾಳೆಗೊನೆ ಇನ್ನೊಂದು ಕಡೆ, ರಾಗಿ ತೆನೆಯ ಕಂತೆಗಳು ಗೋಡೆಗೆ ಒರಗಿ, ಮೊಟ್ಟೆಯ ಬುಟ್ಟಿ ಮಕ್ಕಳ ಕಾಲಿಗೆ ಸಿಗದ ಹಾಗೆ ಕಿಟಕಿಯ ಮೇಲೆ, ಹೀಗೆ ಮೂವತ್ತನಾಲ್ಕು ವರ್ಷದಿಂದ ಜೋಡಿಸಿದ ಹಾಗೆಯೇ ಜೋಡಿಸುತ್ತಿದ್ದ. ಕಾಲು ಕಟ್ಟಿದ ನಾಟಿ ಕೋಳಿಯೊಂದು ಒಂದೇ ಕಣ್ಣಿನಲ್ಲಿ ಅವನನ್ನು ನೋಡುತ್ತಿತ್ತು. ಅರಸೀಕೆರೆಯ ಆ ಸಣ್ಣ ಚರ್ಚಿನ ಜಗಲಿಯ ಮೇಲೆ ಸುಗ್ಗಿ ಹಬ್ಬದ ಬೆಳಗ್ಗೆ ಏಳು ಗಂಟೆಗೆ ಅವನ ಹೊರತು ಯಾರೂ ಇರಲಿಲ್ಲ. ಆದರೂ ಬೆನ್ನ ಹಿಂದೆ ಯಾರೋ ನಿಂತ ಹಾಗಾಗಿ ಎರಡು ಸಲ ತಿರುಗಿ ನೋಡಿದ. ಮೇಜಿಗೆ ಹಾಸಿದ್ದ ಬಿಳಿ ಬಟ್ಟೆ ನೆಲದವರೆಗೂ ಇಳಿಬಿದ್ದಿತ್ತು. ನಿನ್ನೆ ಸಂಜೆ ಸೆಕ್ರೆಟರಿ ಸತ್ಯನಾಥ ಬೂಟುಗಾಲಿನಲ್ಲೇ ಆ ಕಾಯಿಯನ್ನು ಒಳಕ್ಕೆ ತಳ್ಳಿದ್ದ. ದೇವರಿಗೆ ಬಂದ ಕಾಯಿಯನ್ನು ಕಾಲಿನಲ್ಲಿ ತಳ್ಳಿದ್ದು ಸಮಾಧಾನಪ್ಪನಿಗೆ ಸರಿ ಕಾಣಲಿಲ್ಲ, ಆದರೆ ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದು ಅವನಿಗೆ ಚಿಕ್ಕಂದಿನಿಂದ ಬಂದದ್ದು. ವರ್ಷಕ್ಕೆ ಒಂದೇ ದಿನ, ಈ ದಿನ, ಅವನ ಗಂಟಲು ಹತ್ತು ಜನಕ್ಕೆ ಕೇಳಿಸುತ್ತಿತ್ತು.

ಈ ಸಭೆಯವರಲ್ಲಿ ಮೀಸಲು ಇಡುವ ರೂಢಿ ಅಜ್ಜಂದಿರ ಕಾಲದ್ದು. ಬಳ್ಳಿಯಲ್ಲಿ ಕುಂಬಳ ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ ಆದಾಗ ಒಂದು ಒಳ್ಳೇ ಮಿಡಿ ಆರಿಸಿ, ಮೊಳೆಯ ತುದಿಯಿಂದ ಸಿಪ್ಪೆಯ ಮೇಲೆ ಶಿಲುಬೆ ಗೀರಿ, ಕೆಳಗೆ ಮನೆಯ ಹೆಸರು ಗೀರುವುದು. ಗೀರಿದ ದಿನ ಅದು ಕಣ್ಣಿಗೇ ಕಾಣುವುದಿಲ್ಲ, ಒಂದಿಷ್ಟು ನೀರು ಜಿನುಗುತ್ತದೆ ಅಷ್ಟೆ. ಆಮೇಲೆ ಕಾಯಿ ಬೆಳೆದ ಹಾಗೆ ಅಕ್ಷರವೂ ಬೆಳೆಯುತ್ತದೆ, ಗಾಯ ಮಾಗಿ ಬೂದು ಬಣ್ಣಕ್ಕೆ ತಿರುಗಿ ಉಬ್ಬುತ್ತದೆ, ಕಣ್ಣಿಲ್ಲದವರೂ ಬೆರಳಾಡಿಸಿ ಓದಬಹುದು. ಆ ಕಾಯಿಯನ್ನು ಮನೆಯವರು ಮುಟ್ಟುವ ಹಾಗಿಲ್ಲ. ಸುಗ್ಗಿ ಹಬ್ಬಕ್ಕೆ ತಂದು ಚರ್ಚಿಗೆ ಒಪ್ಪಿಸಬೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲವನ್ನೂ ಹರಾಜು ಕೂಗುತ್ತಾರೆ. ಕೂಗುವವನು ಪದಾರ್ಥವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಮೊದಲು ಇಂಥವರ ಮನೆಯದು ಅನ್ನಬೇಕು, ಮೂರನೇ ಸಲ ಕೂಗಿ ಮುಗಿಸುವಾಗ ಮತ್ತೆ ಅನ್ನಬೇಕು, ಯಾರಾದರೂ ತೆಗೆದುಕೊಳ್ಳುವ ತನಕ ಕೆಳಗಿಡಬಾರದು. ಕೂಗುವವನ ಮನೆಯವರು ಸವಾಲು ಹಾಕಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಯೂ ಇಲ್ಲ. ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಮುದುರಿ ಕೂರುವ ವಿಧವೆ ಕೂಡ ಆ ದಿನ ತನ್ನ ಮನೆಯ ಹೆಸರು ಕೂಗಿದಾಗ ಸೆರಗು ಸರಿಮಾಡಿಕೊಂಡು ತಲೆ ಎತ್ತುತ್ತಾಳೆ. ಕೂಗಿಸಿಕೊಂಡದ್ದು ಮನೆ. ಕೂಗಿಸಿಕೊಳ್ಳದ್ದು ಬರೀ ನಾಲ್ಕು ಗೋಡೆ.

ಮೇಜಿನ ಕೆಳಗಿದ್ದ ಕಾಯಿಯ ಮೇಲೆ ಎರಡು ಹೆಸರಿದ್ದವು. ಜೀವರತ್ನ ಈ ಚರ್ಚಿನಲ್ಲೇ ಹುಟ್ಟಿ ಬೆಳೆದವನು, ದೀಕ್ಷಾಸ್ನಾನದ ದಿನ ಸೂರು ಹಾರಿಹೋಗುವ ಹಾಗೆ ಅತ್ತ ಕೂಸು. ಈಗ ಮೂವತ್ತಮೂರು ವರ್ಷ, ಊರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾನೆ. ಚನ್ನೇಶ ಗಂಡಸಿ ಊರ ಕಡೆಯ ತೆಂಗಿನ ತೋಟದವರ ಮಗ. ಮನೆಯವರು ಹೊರಗೆ ಹಾಕಿದ ಮೇಲೆ ಹಳೇಬೀಡಿನ ಕೆರೆಯ ಹಿಂದೆ ಅರ್ಧ ಎಕರೆ ಗುತ್ತಿಗೆ ಹಿಡಿದು ತರಕಾರಿ ಬೆಳೆಯುತ್ತಿದ್ದ. ಇಬ್ಬರೂ ಅಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದರು. ಎರಡು ವರ್ಷದಿಂದ ಭಾನುವಾರ ಭಾನುವಾರ ಒಂದೇ ಬೈಕಿನಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಕೂತ ಮೇಲೆ ಆ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಯಾರೂ ಏನೂ ಅಂದದ್ದೂ ಇಲ್ಲ.

"ಓದಿ ಸಮಾಧಾನಣ್ಣ, ಏನ್ ಗೀರವ್ನೆ ಓದಿ," ಎಂದಿದ್ದ ನಿನ್ನೆ ಸತ್ಯನಾಥ.

ಕನ್ನಡಕ ತಂದಿಲ್ಲ ಕಣಪ್ಪ ಎಂದಿದ್ದ ಸಮಾಧಾನಪ್ಪ. ಕನ್ನಡಕ ಜೇಬಿನಲ್ಲೇ ಇತ್ತು.

"ಜೀವರತ್ನ ಚನ್ನೇಶ್ ಮನೆ ಅಂತ ಗೀರವ್ನೆ. ಮನೆಯಂತೆ ಮನೆ! ಬರ್ಲಿ, ಕೂರ್ಲಿ, ಹಾಡ್ಲಿ, ಬ್ಯಾಡ ಅಂದೋರ್ಯಾರು? ಪಾಸ್ಟರ್ ಅಯ್ಯನೋರು ಕಮಿಟೀಲಿ ಅದುನ್ನೇ ಹೇಳುದ್ರು, ನಾವೂ ಆಗ್ಲಿ ಅಂದೋ. ಆದ್ರೆ ಮನೆ ಅಂತ ಕೂಗ್ಸುದ್ರೆ ನಾಳೆ ನಮ್ಮ ಮಕ್ಳಿಗೆ ಏನಂತ ಹೇಳದು? ಕೋರ್ಟು ಹೂಂ ಅಂದ್ರೆ ದೇವ್ರೂ ಹೂಂ ಅಂದಂಗಾ?"

"ಹಂಗಾರೆ ನಾನೇನ್ ಮಾಡ್ಲಿ?"

"ಒಬ್ಬ ವಿಶ್ವಾಸಿಯಿಂದ ಅಂತ ಕೂಗ್ಬುಡಿ. ಹೆಸ್ರು ಹೇಳ್ಕಳಕ್ಕೆ ಇಷ್ಟ ಇಲ್ದೋರು ಕೊಟ್ರೆ ಹಂಗೇ ಕೂಗಲ್ವಾ? ಗೀರಿರ ಮಗ್ಗುಲ್ನ ನಿಮ್ಮೆದೆ ಕಡೀಕೆ ತಿರುಗ್ಸಿ ಹಿಡ್ಕಳಿ. ಮುಗೀತು."

ಅಷ್ಟೇ ಆಗಿದ್ದರೆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ. ಹೊರಟ ಸತ್ಯನಾಥ ಸ್ಕೂಟರಿನ ಮೇಲೆ ಕೂತು, ಕೀ ತಿರುಗಿಸಿ, ಮತ್ತೆ ಆಫ್ ಮಾಡಿದ. "ನಮ್ಮಪ್ಪ ಹೇಳ್ತಿದ್ರು. ಮದ್ವೆಗ್ ಮುಂಚೆ ನೀವೂ ಯಾರೋ ಗಂಡಸಿ ಕಡೆಯೋನ ಜೊತೆ ರೈಲ್ವೆ ಕ್ವಾಟ್ರಸ್‌ನಲ್ಲಿ ಇದ್ರಂತೆ. ಹೌದಾ?" ಎಂದ. "ಹೂಂ ಕಣಪ್ಪ, ನಮ್ಮ ಗ್ಯಾಂಗ್‌ನೋನು," ಎಂದ ಸಮಾಧಾನಪ್ಪ. ಸತ್ಯನಾಥ ನಕ್ಕ. "ಆಗಿನ್ ಕಾಲ ಬುಡಿ, ಎಲ್ಲಾ ಚೆನ್ನಾಗಿತ್ತು," ಎಂದು ಹೊರಟೇಹೋದ. ಆ ನಗು ಸುಮ್ಮನೆ ನಕ್ಕದ್ದೋ? ಗಂಡಸಿ ಅನ್ನುವಾಗ ದನಿ ಎಳೆದನೋ, ಇಲ್ಲ ಸ್ಕೂಟರಿನ ಕೀ ಸಿಕ್ಕಿಕೊಂಡು ಮಾತು ಎಳೆಯಿತೋ? ಅವನಪ್ಪ ಇನ್ನೇನೇನು ಹೇಳಿ ಸತ್ತನೋ? ಬೆಳಗಿನ ಜಾವದವರೆಗೂ ಸಮಾಧಾನಪ್ಪ ಆ ಕೀ ತಿರುಗುವ ಸದ್ದನ್ನೇ ಕೇಳುತ್ತ ಮಲಗಿದ್ದ. ಪಕ್ಕದಲ್ಲಿ ಹೆಂಡತಿ ರಾಹೇಲಮ್ಮ ಅಲುಗಾಡದೆ ಮಲಗಿದ್ದಳು. ನಿದ್ದೆ ಮಾಡುವವರು ಅಷ್ಟೊಂದು ಅಲುಗಾಡದೆ ಇರುವುದಿಲ್ಲ.

ಬೆಳಗ್ಗೆ ಅವಳು ಎಂದಿನ ಹಾಗೆ ಉಪ್ಪು ಹಾಕಿದ ಬಿಸಿನೀರು ಕೊಟ್ಟಳು. ಹರಾಜಿನ ದಿನ ಅವನು ಅದರಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ ಗಂಟಲು ಹದಮಾಡಿಕೊಳ್ಳುತ್ತಿದ್ದ. ಇವತ್ತು ಮೊದಲ ಗುಟುಕಿಗೇ ನೀರು ಅಂಗಿಯ ಮೇಲೆ ಚೆಲ್ಲಿಕೊಂಡ. "ಏನ್ರೀ, ಮೊದುಲ್ನೇ ಸಲ ಕೂಗೋ ಹುಡುಗ್ನಂಗೆ ಆಡ್ತೀರಲ್ಲ," ಎಂದಳು. ಅವಳು ಸೆರಗಿನ ತುದಿಯಿಂದ ಅಂಗಿ ಒರೆಸುತ್ತ, ಅವನ ಮುಖ ನೋಡದೆ, "ಕಾಯಿ ಎಂಗೈತೆ? ಗಟ್ಟಿ ಐತಾ?" ಎಂದು ಕೇಳಿದಳು. ಯಾವ ಕಾಯಿ ಎಂದು ಅವನು ಕೇಳಬೇಕಾಗಿತ್ತು, ಮನೆಯಲ್ಲಿ ಅವನು ಯಾವ ಕಾಯಿಯ ಸುದ್ದಿಯನ್ನೂ ಎತ್ತಿರಲಿಲ್ಲ. ಕೇಳಲು ಹೆದರಿಕೆಯಾಗಿ ಚಪ್ಪಲಿ ಮೆಟ್ಟಿ ಹೊರಟುಬಂದಿದ್ದ.

ಹರೆಯದಲ್ಲಿ ಹಳಿ ರಿಪೇರಿ ಮಾಡುವ ರೈಲ್ವೆ ಗ್ಯಾಂಗಿನಲ್ಲಿ ಅವನ ಕೆಲಸವೂ ಕೂಗುವುದೇ ಆಗಿತ್ತು. ಉಳಿದವರು ಹಳಿಯ ಮೇಲೆ ಬಗ್ಗಿ ಜಲ್ಲಿ ತುಂಬುತ್ತಿರುವಾಗ ಇವನು ದೂರದಲ್ಲಿ ಕೆಂಪು ಬಾವುಟ ಹಿಡಿದು ನಿಂತು ಹಳಿ ತಿರುಗುವ ಕಡೆ ಕಣ್ಣಿಟ್ಟಿರಬೇಕು. ಹೊಗೆಯೋ ಸದ್ದೋ ತಿಳಿದ ಕೂಡಲೇ, ಗಾಡೀ, ಎಂದು ಎದೆಯಿಂದ ಎತ್ತಿ ಕೂಗಬೇಕು. ಅಷ್ಟು ದೂರದಲ್ಲಿ ಹನ್ನೊಂದು ಜನ ಗುದ್ದಲಿ ಎತ್ತಿಕೊಂಡು ಪಕ್ಕಕ್ಕೆ ಹಾರುತ್ತಿದ್ದರು. ಹಾರಿದವರಲ್ಲಿ ಕೊನೆಯವನು ಯಾವಾಗಲೂ ಕರಿಯಪ್ಪ. ಬೇಕೆಂದೇ ತಡ ಮಾಡುತ್ತಿದ್ದ. "ಇನ್ನೊಂದ್ ಸಲ ಕೂಗ್ತೀಯೇನೋ ಅಂತ ಕಾಯ್ತಿದ್ದೆ ಕಣ್ಲಾ, ನಿನ್ನ ಬಾಯಿಂದ ಬರಾದೇ ಅದೊಂದ್ ಮಾತು," ಎನ್ನುತ್ತಿದ್ದ. ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ಇಬ್ಬರೂ ಮೂರು ವರ್ಷ ಇದ್ದರು. ಒಂದೇ ಒಲೆ, ಒಂದೇ ಕಂಬಳಿ. ಕಲ್ಲು ಹೊತ್ತು ಊದಿದ ಭುಜಕ್ಕೆ ಕರಿಯಪ್ಪ ಎಣ್ಣೆ ತಿಕ್ಕುವಾಗ ಅವನ ಅಂಗೈ ಭುಜದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಇವನು ಉಸಿರು ಹಿಡಿದು ಕೂರುತ್ತಿದ್ದ, ಸಾಕು ಎಂದು ಒಂದು ದಿನವೂ ಅಂದವನಲ್ಲ. ಅದಕ್ಕೆ ಏನನ್ನಬೇಕೋ ಇಬ್ಬರಿಗೂ ತಿಳಿದಿರಲಿಲ್ಲ, ಮಾತಾಡಿಯೂ ಇರಲಿಲ್ಲ. ಕರಿಯಪ್ಪನಿಗೆ ಒಂದಕ್ಷರ ಬರುತ್ತಿರಲಿಲ್ಲ. ಎರಡನೇ ಕ್ಲಾಸಿಗೆ ಬಿಟ್ಟ ಸಮಾಧಾನಪ್ಪನೇ ಅವನಿಗೆ ಮೇಷ್ಟ್ರು. ಹಿತ್ತಲ ಮಣ್ಣಿನಲ್ಲಿ ಕಡ್ಡಿ ಹಿಡಿಸಿ, ಒಂದು ಮಳೆಗಾಲವೆಲ್ಲ ಹೆಣಗಿ, ಕಲಿಸಿದ್ದು ಒಂದೇ ಅಕ್ಷರ, ಕ. ಹಳಿಯಡಿ ಹಾಕುವ ಹಳೇ ಸ್ಲೀಪರು ಮರದ ಮೇಲೆ ಹಬ್ಬಿದ ಕುಂಬಳದ ಬಳ್ಳಿಯಲ್ಲಿ ಒಂದು ಮಿಡಿಯನ್ನು ಇವನು ಮೀಸಲೆಂದು ಆರಿಸಿದಾಗ ಕರಿಯಪ್ಪ ಮೊಳೆ ಕಿತ್ತುಕೊಂಡಿದ್ದ. ಇವನು ಗೀರಿದ ಸ ಪಕ್ಕದಲ್ಲಿ ನಾಲಗೆ ಕಚ್ಚಿಕೊಂಡು ಕ ಗೀರಿದ. ಸೊಟ್ಟಗೆ, ತಲೆ ದಪ್ಪ. "ನಿಮ್ಮ ದೇವ್ರು ನನ್ ಅಕ್ಸರ ಓದ್ತಾನಾ?" ಎಂದು ನಕ್ಕಿದ್ದ.

"ದೊಡ್ಡಪ್ಪ, ಸ್ತೋತ್ರ."

ಸಮಾಧಾನಪ್ಪ ಬೆಚ್ಚಿಬಿದ್ದ. ಬಾಳೆಗೊನೆ ಕೈಜಾರಿತು. ಜೀವರತ್ನ ಜಗಲಿಯ ಮೆಟ್ಟಿಲ ಮೇಲೆ ಕೈಮುಗಿದು ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೂದಲಿಗೆ ನೀರು ಹಾಕಿ ಬಾಚಿದ್ದ. ಗೇಟಿನ ಹತ್ತಿರ ಬೈಕಿಗೆ ಒರಗಿಕೊಂಡು ಚನ್ನೇಶ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ.

"ಎಲ್ಲಿಟ್ಟಿದೀರ ನಮ್ ಕಾಯಿ? ಕಾಣ್ತಾನೇ ಇಲ್ಲ."

"ಕೆಳಗೈತೆ ಕಣಪ್ಪ. ಭಾರ ನೋಡು. ಮ್ಯಾಗಿಟ್ರೆ ಉಳ್ಳತದೆ."

"ಹನ್ನೆರಡು ಕೇಜಿ! ದಿನಾ ಎದ್ದು ಅದನ್ನ ಮಾತಾಡ್ಸಿ ಬೆಳ್ಸಿದಾನೆ ಅವ್ನು. ನನ್ನೂ ಅಷ್ಟು ಮಾತಾಡ್ಸಲ್ಲ," ಎಂದು ಜೀವರತ್ನ ನಕ್ಕ. ಆಮೇಲೆ ದನಿ ತಗ್ಗಿಸಿದ. "ದೊಡ್ಡಪ್ಪ, ಅವ್ರಪ್ಪ ಅಮ್ಮ ರೇಷನ್ ಕಾರ್ಡಿಂದ್ಲೂ ಇವ್ನ ಹೆಸ್ರು ತೆಗ್ಸಿದಾರೆ. ಎಲ್ಲೂ ಯಾವ ಮನೇಲೂ ಇವ್ನ ಹೆಸ್ರಿಲ್ಲ. ಇವತ್ತು ನೀವು ಕೂಗೋದು ಕೇಳ್ಬೇಕು ಅಂತ ಬಂದಿದಾನೆ. ಒಳಗೆ ಬಾ ಅಂದ್ರೆ, ಗೇಟತ್ರ ನಿಂತ್ರೂ ಅವರ ದನಿ ಕೇಳತ್ತೆ ಬಿಡು ಅಂತಾನೆ."

ಸಮಾಧಾನಪ್ಪ ಬಾಳೆಗೊನೆ ಎತ್ತಿಕೊಂಡ. ಇಡುವುದಕ್ಕೆ ಜಾಗ ಹುಡುಕಿದ, ಜಾಗ ಎದುರಿಗೇ ಇತ್ತು. "ನೋಡಾನ," ಎಂದ. ನೋಡಾನ ಅಂದರೆ ಏನು? ಹುಡುಗ ಅದನ್ನು ಆಗಲಿ ಎಂದೇ ತಿಳಿದು ಕೈಮುಗಿದು ಹೋದ. ಆಗಲ್ಲ ಕಣಪ್ಪ ಎಂದು ಈಗಲೇ ಕರೆದು ಹೇಳಿಬಿಟ್ಟರೆ ಗೇಟಿನ ಹತ್ತಿರ ನಿಂತವನು ಬೈಕು ಹತ್ತಿ ಹೋಗುತ್ತಾನೆ, ಕೇಳಬಾರದ್ದನ್ನು ಕೇಳುವುದು ತಪ್ಪುತ್ತದೆ. ಕರೆಯಲಿಲ್ಲ. ಸತ್ಯನಾಥನ ಸ್ಕೂಟರು ಬಂದ ಸದ್ದು ಕೇಳಿಸಿತು. ತಾನು ಆ ಹುಡುಗನ ಜೊತೆ ಮಾತಾಡುತ್ತಿದ್ದದ್ದನ್ನು ನೋಡಿದನೋ ಏನೋ?

ಆರಾಧನೆಯಲ್ಲಿ ಅಯ್ಯನವರು ಪ್ರಥಮ ಫಲದ ಮೇಲೆ ಪ್ರಸಂಗ ಮಾಡಿದರು. ಹರೆಯದ ಪಾಸ್ಟರು, ಬೆಳ್ಳಗೆ ತೆಳ್ಳಗೆ, ಮಾತಾಡುವಾಗ ಎರಡೂ ಕೈ ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಳ್ಳುತ್ತಿದ್ದರು. ಒಳಕ್ಕೆ ಹೋಗುವ ಮುಂಚೆ ಅವರು ಸಮಾಧಾನಪ್ಪನ ಭುಜ ಮುಟ್ಟಿ, "ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ," ಎಂದಿದ್ದರು. ಹೀಗೆ ಮಾಡು ಎಂದಿದ್ದರೆ ಆಗುತ್ತಿತ್ತು. ಎರಡರಲ್ಲಿ ಯಾವುದನ್ನು ಹೇಳಿದ್ದರೂ ಆಗುತ್ತಿತ್ತು. ಅರವತ್ತೆಂಟು ವರ್ಷದಲ್ಲಿ ತನಗೆ ತೋಚಿದ ಹಾಗೆ ಮಾಡಿದ್ದು ಒಂದೇ ಒಂದು ಸಲ, ಅದೂ ಒಂದು ಕುಡುಗೋಲು ಹಿಡಿದು. ಕರಿಯಪ್ಪ ಕ ಗೀರಿದ ಆ ವರ್ಷ ಹಬ್ಬಕ್ಕೆ ಹತ್ತು ದಿನ ಮುಂಚೆ ಸತ್ಯನಾಥನ ಅಪ್ಪ ಕ್ವಾರ್ಟರ್ಸಿಗೆ ಬಂದಿದ್ದರು, ಯಾರ ಮನೆಯಿಂದ ಏನು ಬರುತ್ತದೆ ಎಂದು ಬರೆದುಕೊಳ್ಳಲು. ಬಳ್ಳಿಯ ಹತ್ತಿರ ಬಗ್ಗಿ, "ಸ ಸರಿ. ಈ ಕ ಯಾರಪ್ಪಾ?" ಎಂದು ಕೇಳಿದ್ದರು. ಒಲೆಯ ಮುಂದಿದ್ದ ಒಂದೇ ತಟ್ಟೆ, ಒಂದೇ ಕಂಬಳಿ, ಎಲ್ಲದರ ಮೇಲೂ ಅವರ ಕಣ್ಣು ನಿಧಾನವಾಗಿ ಹಾದುಹೋಯಿತು. ಯಾರೂ ಅಲ್ಲ, ಏನೋ ಗೀಚಿಕೊಂಡಿದೆ, ಎಂದ ಸಮಾಧಾನಪ್ಪ. ಅವರು ಹೋದ ಮೇಲೆ ಕುಡುಗೋಲಿನ ತುದಿಯಿಂದ ಆ ಅಕ್ಷರವನ್ನು ಹೆರೆದ. ಗಂಟಾಗಿ ಮಾಗಿದ ಅಕ್ಷರ ಸುಲಭಕ್ಕೆ ಬಿಡಲಿಲ್ಲ, ಸಿಪ್ಪೆಯೆಲ್ಲ ಹೋಗಿ ಹಳದಿ ತಿರುಳು ಕಾಣುವ ತನಕ ಹೆರೆಯಬೇಕಾಯಿತು. ಬೂದಿ ಮೆತ್ತಿ ಆ ಮಗ್ಗುಲನ್ನು ನೆಲಕ್ಕೆ ತಿರುಗಿಸಿ ಇಟ್ಟ. ಹೆರೆದ ಕುಂಬಳ ಉಳಿಯುವುದಿಲ್ಲ ಎಂದು ಹಳ್ಳಿಯಲ್ಲಿ ಬೆಳೆದವನಿಗೆ ತಿಳಿಯದ್ದೇನಲ್ಲ. ಹಬ್ಬದ ದಿನ ಆಗಿನ ಕೂಗುವ ಮುದುಕ ಅದನ್ನು ಎತ್ತಿದಾಗ ಬೆರಳು ಒಳಕ್ಕೆ ಇಳಿದವು. ಕಾಯಿ ಒಡೆದು ಕೊಳೆತ ನೀರು, ಬೀಜ, ಹುಳು ಅವನ ಪಂಚೆಯ ಮೇಲೆಲ್ಲ ಸುರಿಯಿತು. ಜನ ಮೂಗು ಮುಚ್ಚಿಕೊಂಡು ನಕ್ಕರು. ಗೇಟಿನ ಹತ್ತಿರ ಒಗೆದ ಅಂಗಿ ಹಾಕಿಕೊಂಡು ಕರಿಯಪ್ಪ ನಿಂತಿದ್ದ. ಅವನು ಬರುತ್ತಾನೆಂದು ಇವನಿಗೆ ಗೊತ್ತಿರಲಿಲ್ಲ. ಅವನು ತನ್ನ ಕಾಲಿನ ಚಪ್ಪಲಿಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡು ನಿಂತು, ಹೊರಟುಹೋದ. ಮುಂದಿನ ವಾರ ಬಾಣಾವರದ ಗ್ಯಾಂಗಿಗೆ ವರ್ಗ ಹಾಕಿಸಿಕೊಂಡ. ನಾಲ್ಕು ವರ್ಷದ ಹಿಂದೆ ಗಂಡಸಿ ಬಸ್ಸಿನಲ್ಲಿ ಮುಂದಿನ ಸೀಟಿನವರು ಯಾರೋ ಯಾರಿಗೋ ಹೇಳುತ್ತಿದ್ದರು, ರೈಲ್ವೆ ಕರಿಯಪ್ಪ ಹೋದ್ನಂತೆ ಅಂತ. ಕಂಡಕ್ಟರು ಬಂದು ಟಿಕೆಟ್ ಕೇಳಿದ. ಸಮಾಧಾನಪ್ಪ ಚಿಲ್ಲರೆ ಹುಡುಕಿ ಕೊಟ್ಟು, ಇಳಿಯುವ ಜಾಗದಲ್ಲಿ ಇಳಿದು, ಮನೆಗೆ ಬಂದು ಊಟ ಮಾಡಿದ.

ಆಮೆನ್ ಎಂದು ಎಲ್ಲರೂ ಎದ್ದರು.

ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕುರ್ಚಿ ಹಾಕಿಕೊಂಡು ಕೂತರು. ಸತ್ಯನಾಥ ಜಗಲಿಯ ಮೇಜಿನ ತುದಿಯಲ್ಲಿ ಪುಸ್ತಕ ಬಿಚ್ಚಿಕೊಂಡ. ಮೊದಲ ಕೂಗಿಗೇ ಸಮಾಧಾನಪ್ಪನ ಗಂಟಲು ಹಳೇ ದಾರಿ ಹಿಡಿಯಿತು, ತೆಂಗಿನಕಾಯಿ, ರಾಗಿ, ಮೊಟ್ಟೆ ಒಂದೊಂದಾಗಿ ಹೋದವು. ಕೋಳಿ ಎತ್ತಿದಾಗ ಗಲಾಟೆ.

"ಈ ಕೋಳಿಗೆ ಮುನ್ನೂರಾ? ಸೆಕ್ರೆಟರಿ ಕಾಲೂ ಹಿಂಗೇ ಐತೆ, ಅದ್ನೂ ಸೇರ್ಸಿ ಕೊಡಿ!" ಎಂದ ಯಾರೋ.

"ತಗಂಡೋಗಪ್ಪ, ನಮ್ಮನೇಲೂ ಕೂತು ತಿನ್ನೋ ಕಾಲೇ ಅದು," ಎಂದಳು ಸತ್ಯನಾಥನ ಹೆಂಡತಿ. ಎಲ್ಲರೂ ನಕ್ಕರು, ಸತ್ಯನಾಥನೂ ನಕ್ಕ, ಸಮಾಧಾನಪ್ಪನೂ ನಕ್ಕ. ನಗುತ್ತ ನಗುತ್ತಲೇ ಮೇಜು ಬರಿದಾಗಿದ್ದು ಕಂಡಿತು. ಬಟ್ಟೆ ಎತ್ತಿ ಬಗ್ಗಿದ.

ಕೈಗೆ ಮೊದಲು ಸಿಕ್ಕಿದ್ದು ಅಕ್ಷರವೇ. ಕತ್ತಲಲ್ಲಿ ಬೆರಳಿಗೆ ಉಬ್ಬಿದ ಗಂಟುಗಳು ತಾಕಿದವು. ಎದೆಗೆ ಅವುಚಿಕೊಂಡು ಎದ್ದ. ಹನ್ನೆರಡು ಕೇಜಿ ಹಳೆಯ ಭುಜದ ನೋವನ್ನು ಎಬ್ಬಿಸಿತು. ಗೀರಿದ ಮಗ್ಗುಲು ಅವನ ಎದೆಯ ಕಡೆಗೇ ಇತ್ತು, ಅಂಗಿಯ ಮೂಲಕ ಶಿಲುಬೆಯ ಅಡ್ಡಗೀಟು ಪಕ್ಕೆಲುಬಿಗೆ ಒತ್ತುತ್ತಿತ್ತು. ಜನಕ್ಕೆ ಕಾಣುತ್ತಿದ್ದುದು ಬರೀ ನುಣ್ಣನೆಯ ಹಸಿರು. ಸತ್ಯನಾಥ ತಲೆ ಎತ್ತದೆ ಪೆನ್ನು ಹಿಡಿದು ಕಾಯುತ್ತಿದ್ದ.

"ಒಬ್ಬ ವಿಶ್ವಾಸಿಯಿಂದ," ಎಂದ ಸಮಾಧಾನಪ್ಪ.

"ಕೇಳಿಸ್ನಿಲ್ಲ ಕಣಣ್ಣ, ಯಾರ ಮನೇದು?" ಎಂದಳು ಮುಂದೆ ಕೂತ ಒಬ್ಬ ಮುದುಕಿ, ಕಿವಿಗೆ ಕೈಹಚ್ಚಿ.

"ಒಬ್ಬ ವಿಶ್ವಾಸಿಯಿಂದ!"

"ನಲವತ್ತು," ಎಂದ ಗಂಡಸರ ಕಡೆ ಒಬ್ಬ. ಅಷ್ಟು ಸಲೀಸು. ನಲವತ್ತು ಒಂದನೇ ಸಲ. ಕೊನೆಯ ಸಾಲಿನಲ್ಲಿ ಜೀವರತ್ನ ಕುರ್ಚಿಯ ತುದಿಗೆ ಬಂದು ಕೂತಿದ್ದವನು ನಿಧಾನವಾಗಿ ಹಿಂದಕ್ಕೆ ಒರಗಿದ. ನಲವತ್ತು ಎರಡನೇ ಸಲ. ನೋಡಬಾರದು ಎಂದುಕೊಂಡರೂ ಕಣ್ಣು ಗೇಟಿನ ಕಡೆಗೆ ಹೋಯಿತು. ಚನ್ನೇಶ ಅಲ್ಲೇ ಇದ್ದ. ಅವನು ಬೈಯುವ ಹಾಗೆ ನೋಡುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ, ಹೆಲ್ಮೆಟ್ಟಿನ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಮೂರನೇ ಸಲ ಅನ್ನಲು ಬಾಯಿ ತೆರೆದಾಗ ಸಮಾಧಾನಪ್ಪನಿಗೆ ಬೆರಳ ಕೆಳಗೆ ಕಾಯಿ ಮೆತ್ತಗಾದ ಹಾಗಾಯಿತು. ಇನ್ನೊಂದು ಗಳಿಗೆ, ಬೆರಳು ಒಳಗಿಳಿಯುತ್ತದೆ, ಒಡೆಯುತ್ತದೆ. ಮೂಗಿಗೆ ಆ ನಾತವೂ ಬಡಿಯಿತು. ಎಲ್ಲಿ ಕೊಳೆತಿದೆಯೋ ನೋಡಲೇಬೇಕಾಗಿ, ಕಾಯಿಯನ್ನು ಸರಕ್ಕನೆ ಎದೆಯಿಂದ ಬಿಡಿಸಿ ಮುಂದಕ್ಕೆ ತಿರುಗಿಸಿದ. ಸಿಪ್ಪೆ ಕಲ್ಲಿನ ಹಾಗಿತ್ತು. ಒಂದು ಅಕ್ಷರವೂ ಹೋಗಿರಲಿಲ್ಲ. ಜೀವರತ್ನನ ಹೆಸರು ಸರಿಯಾಗಿ ಗೀರಿತ್ತು, ಇನ್ನೊಂದು ಬೇರೆ ಕೈಯದು, ಸ್ವಲ್ಪ ಸೊಟ್ಟ. ಮೂವತ್ತನಾಲ್ಕು ವರ್ಷ ಚೀಟಿ ನೋಡದೆ ಬಾಯಿಪಾಠದಲ್ಲೇ ಕೂಗಿದವನು, ಅಷ್ಟು ಜನರ ಮುಂದೆ, ಎರಡನೇ ಕ್ಲಾಸಿನ ಹುಡುಗನ ಹಾಗೆ, ಹೆಬ್ಬೆರಳು ಇಟ್ಟು ಇಟ್ಟು ಓದತೊಡಗಿದ. "ಜೀ. ವ. ರ. ತ್ನ."

"ಸಮಾಧಾನಣ್ಣ," ಎಂದ ಸತ್ಯನಾಥ.

"ಚ. ನ್ನೇ. ಶ್."

"ಸಮಾಧಾನಣ್ಣ, ಸಾಕು. ಮುಂದಿಂದು ಎತ್ತಿ."

"ಮನೆ," ಎಂದ ಸಮಾಧಾನಪ್ಪ. ಮುಂದಿನದು ಯಾವುದೂ ಇರಲಿಲ್ಲ. ಇದೇ ಕೊನೆಯದು.

ಕುರ್ಚಿಗಳು ಕಿರುಗುಟ್ಟಿದವು. ನಲವತ್ತು ಅಂದಿದ್ದವನು, "ನಂದ್ ಬ್ಯಾಡ ಬುಡಿ, ನಾನು ವಿಶ್ವಾಸೀದು ಅಂತ ಕೂಗಿದ್ದು," ಎಂದು ಮುಖ ತಿರುಗಿಸಿದ. ಆಮೇಲೆ ಯಾರೂ ಸವಾಲು ಹಾಕಲಿಲ್ಲ. ಅಯ್ಯನವರು ತಮ್ಮ ಕೈಗಳನ್ನು ಹಿಂಡಿಕೊಳ್ಳುತ್ತಿದ್ದರು. ಕಾಯಿಯನ್ನು ಕೆಳಗಿಡುವ ಹಾಗಿರಲಿಲ್ಲ. ತೋಳು ನಡುಗುತ್ತಿತ್ತು, ಕಾಯಿಯೂ ನಡುಗುತ್ತಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಸತ್ಯನಾಥ ಈಗ ಪುಸ್ತಕ ಬಿಟ್ಟು ಇವನನ್ನೇ ನೋಡುತ್ತಿದ್ದ. ಕಣ್ಣು ಸಣ್ಣದು ಮಾಡಿಕೊಂಡು, ಅವರಪ್ಪ ಅವತ್ತು ಕಂಬಳಿ ನೋಡಿದ ಹಾಗೆ, ನಿಧಾನವಾಗಿ, ಏನನ್ನೋ ಏನಕ್ಕೋ ಸೇರಿಸುತ್ತಿದ್ದ. ಗೊತ್ತಾಯಿತು, ಎಂದುಕೊಂಡ ಸಮಾಧಾನಪ್ಪ. ಇವನಿಗೆ ಈಗ ಗೊತ್ತಾಯಿತು.

"ಐವತ್ತು."

ಹೆಂಗಸರ ಕಡೆಯಿಂದ. ರಾಹೇಲಮ್ಮ ಎದ್ದು ನಿಂತಿದ್ದಳು.

"ಅತ್ತಿಗೆ, ಕೂಗೋರ ಮನೆಯೋರು ಸವಾಲಾಕಂಗಿಲ್ಲ," ಎಂದ ಸತ್ಯನಾಥ.

"ಯಾವ ಪುಸ್ತಕದಾಗೈತಪ್ಪ ಅದು? ನಿನ್ ಪುಸ್ತಕ ತೋರ್ಸು," ಎಂದಳು. ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. "ನಾನು ಹದ್ನೆಂಟು ವರ್ಷದೋಳು ಇದ್ದಾಗ ಇಲ್ಲೇ ಒಂದು ಕಾಯಿ ಒಡ್ದು ಸುರಿದಿತ್ತು, ನೆಪ್ಪೈತಾ ನಿಮಗ್ಯಾರಿಗಾದ್ರೂ? ಎಲ್ರೂ ಮೂಗು ಹಿಡ್ಕಂಡು ಹೋದ್ರಿ. ಅದ್ನ ಬಳ್ದು ಎತ್ತಿ ನೆಲ ತೊಳೆದೋಳು ನಾನು. ಹೆರೆದಿರ ಜಾಗ ನನ್ ಕೈಯಾಗಿತ್ತು. ಇವತ್ತೊಂದು ಗಟ್ಟಿ ಕಾಯಿ ಬಂದೈತೆ. ನಮ್ಮನೇಗೆ ಬೇಕು. ಐವತ್ತು. ಕೂಗ್ರಿ."

ಕೊನೆಯ ಮಾತು ಅವನಿಗೆ. ನಲವತ್ತೊಂದು ವರ್ಷ ಅವಳು ಇದನ್ನು ಎಲ್ಲಿ ಇಟ್ಟುಕೊಂಡಿದ್ದಳು? ಮೂವತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗೆ, ಎದುರೆದುರು ಕೂತು ಉಂಡ ಅಷ್ಟೂ ಊಟಗಳಲ್ಲಿ? ಸತ್ಯನಾಥನಿಗಿಂತ ಹೆಚ್ಚಾಗಿ ಈಗ ಅವಳಿಗೆ ಹೆದರಿದ. ಅವಳ ಮುಖ ನೋಡಿದ. ಅಲ್ಲಿ ಕ್ಷಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಬಿಸಿನೀರಿನ ಲೋಟ ಚಾಚಿ ಹಿಡಿದು, ಆರುತ್ತದೆ ತಗೊಳ್ರಿ, ಅನ್ನುವಾಗ ಇರುವ ಮುಖವೇ ಇತ್ತು.

ಐವತ್ತು ಒಂದನೇ ಸಲ. ಐವತ್ತು ಎರಡನೇ ಸಲ.

ಗೇಟಿನ ಹತ್ತಿರ ಚನ್ನೇಶ ಹೆಲ್ಮೆಟ್ ಒರೆಸುವುದನ್ನು ನಿಲ್ಲಿಸಿದ್ದ. ಸಮಾಧಾನಪ್ಪ ಉಸಿರು ಎಳೆದುಕೊಂಡ. ಹರಾಜಿನ ಉಸಿರಲ್ಲ, ಹಳಿಯ ಮೇಲೆ ನಿಂತು ಎಳೆದುಕೊಳ್ಳುತ್ತಿದ್ದ ಉಸಿರು. "ಜೀವರತ್ನ, ಚನ್ನೇಶ್ ಅವರ ಮನೆ ಕುಂಬಳ, ಐವತ್ತು, ಮೂರನೇ ಸಲ!" ಹೊಂಗೆ ಮರದಿಂದ ಗೊರವಂಕಗಳು ಎದ್ದವು. ರಸ್ತೆಯ ಆಚೆ ಸೈಕಲ್ ಶಾಪಿನವನು ಹೊರಗೆ ಬಂದು ನೋಡಿದ.

ಸತ್ಯನಾಥ ಪೆನ್ನಿನ ಮುಚ್ಚಳ ಹಾಕಿದ. ಸಮಾಧಾನಪ್ಪ ಕಾಯಿ ಹಿಡಿದುಕೊಂಡೇ ನಿಂತಿದ್ದ. ಗ್ಯಾಂಗಿನಲ್ಲಿಯೂ ಹೀಗೇ ಇರುತ್ತಿತ್ತು. ಕೂಗಿದ ಮೇಲೆ ಕೂಗಿದವನಿಗೆ ಮಾಡುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಹಳಿ ಬಿಟ್ಟು ಪಕ್ಕಕ್ಕೆ ಸರಿದು, ಎಲ್ಲರೂ ಹಾರಿದರೋ ಇಲ್ಲವೋ ಎಂದು ಎಣಿಸಿ, ಕಾಲ ಕೆಳಗಿನ ಜಲ್ಲಿ ಸಣ್ಣಗೆ ಅದುರುವುದನ್ನು ಕೇಳುತ್ತ, ಗಾಡಿ ಬರುವುದನ್ನು ಕಾಯಬೇಕಾಗಿತ್ತು.